ಕೌಬ್‌ನಲ್ಲಿ ನೀರು ಯಾವಾಗ ಏರುತ್ತದೆ? 2022ರ ರೈನ್ ಬರದ ಪ್ರಕರಣ ಅಧ್ಯಯನ

2022ರ ಆಗಸ್ಟ್ 12ರಂದು ಜರ್ಮನಿಯ ಕೌಬ್ ಎಂಬ ಪುಟ್ಟ ಊರಿನ ಬಳಿ ರೈನ್ ನದಿಯ ಮಾಪಕ 40 ಸೆಂಟಿಮೀಟರಿನ ಗೆರೆಗೆ ಇಳಿಯಿತು. ಅದರ ಬೆನ್ನಿಗೇ ಇನ್ನೂ ಕೆಳಗೆ ಜಾರಿತು. ರಷ್ಯಾದಿಂದ ಬರುವ ಅನಿಲ ಕಡಿತಗೊಂಡು, ಮುಚ್ಚಬೇಕಿದ್ದ ಕಲ್ಲಿದ್ದಲು ಸ್ಥಾವರಗಳನ್ನು ಜರ್ಮನಿ ಮತ್ತೆ ಉರಿಸಲು ಹೊರಟಿದ್ದ ಬೇಸಿಗೆ ಅದು. ಆ ಕಲ್ಲಿದ್ದಲು ಬರಬೇಕಾದದ್ದು ಇದೇ ನದಿಯ ಮೇಲೆ. ವಿದ್ಯುತ್ ಕಂಪನಿಗಳು, ರಾಸಾಯನಿಕ ಕಾರ್ಖಾನೆಗಳು, ತೈಲ ವ್ಯಾಪಾರಿಗಳು, ಹಡಗಿನ ಮಾಲೀಕರು ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ನೀರು ಮತ್ತೆ ಯಾವಾಗ ಏರುತ್ತದೆ?

ಈ ಪ್ರಶ್ನೆಗೆ ಒಂದು ತಾರೀಖಿನ ಉತ್ತರವನ್ನು ಬಯಸಿದವರಿಗೆ ಆ ಬೇಸಿಗೆಯಲ್ಲಿ ನಿರಾಸೆಯಾಯಿತು. ಮುನ್ಸೂಚನೆ ಕೊಡುವವರಿಗೆ ತಿಳಿವಳಿಕೆ ಕಡಿಮೆ ಇದ್ದುದರಿಂದ ಹೀಗಾಗಲಿಲ್ಲ. ನದಿ ಇಳಿಯುವ ದಾರಿಗೂ ಏರುವ ದಾರಿಗೂ ಇರುವ ಅಂತರ ಪ್ರಶ್ನೆಯೊಳಗೇ ಮರೆಯಾಗಿತ್ತು. ಇಳಿತವನ್ನು ನದಿಯೇ ಮೊದಲೇ ಹೇಳಿಬಿಡುತ್ತದೆ. ಏರಿಕೆಯನ್ನು ಹೇಳಬೇಕಾದದ್ದು ಆಕಾಶ. ಕೌಬ್‌ನ ಪ್ರಕರಣವನ್ನು ವಿವರವಾಗಿ ನೋಡಬೇಕೆಂದು ನನಗೆ ಅನ್ನಿಸಿದ್ದು ಇದೇ ಕಾರಣಕ್ಕೆ.

ಮಾಪಕ ಹೇಳುವುದೇನು

ರೈನ್‌ನ ಹಡಗು ಮಾರ್ಗವನ್ನು ಕಾನ್‌ಸ್ಟನ್ಸ್ ನಗರದ ಸೇತುವೆಯಿಂದ ಕಿಲೋಮೀಟರ್‌ಗಳಲ್ಲಿ ಎಣಿಸುತ್ತಾರೆ. ಕೌಬ್ ಇರುವುದು 546ನೇ ಕಿಲೋಮೀಟರಿನಲ್ಲಿ, ಮೈಂಜ್ ಮತ್ತು ಕೊಬ್ಲೆಂಜ್ ನಗರಗಳ ನಡುವಿನ ಕಣಿವೆಯಲ್ಲಿ. ಇಲ್ಲಿ ನದಿಯ ತಳ ಗಟ್ಟಿ ಬಂಡೆ. ಮರಳು ಜಲ್ಲಿಯಾದರೆ ಹೂಳೆತ್ತಿ ಆಳ ಮಾಡಬಹುದು, ಬಂಡೆಯ ಮುಂದೆ ಅದು ಸುಲಭವಲ್ಲ. ಇಡೀ ಮಧ್ಯ ರೈನ್‌ನಲ್ಲಿ ಅತಿ ಕಡಿಮೆ ಆಳ ಸಿಗುವುದು ಈ ಭಾಗದಲ್ಲಿ. ರಾಟರ್‌ಡ್ಯಾಂ ಬಂದರಿನಿಂದ ಮ್ಯಾನ್‌ಹೈಮ್, ಲುಡ್ವಿಗ್ಸ್‌ಹಾಫೆನ್, ಕಾರ್ಲ್ಸ್‌ರೂಹೆ, ಬಾಸೆಲ್ ಕಡೆಗೆ ಹೊರಟ ಹಡಗು ಎಷ್ಟು ಹೇರು ಹೊತ್ತುಕೊಳ್ಳಬಹುದು ಎಂಬುದನ್ನು ಕೌಬ್ ನಿರ್ಧರಿಸುತ್ತದೆ. ಉಳಿದ ದಾರಿಯಲ್ಲಿ ಎಷ್ಟೇ ನೀರಿದ್ದರೂ ಲೆಕ್ಕಕ್ಕೆ ಬರುವುದು ಈ ಒಂದು ಜಾಗದ ಆಳ. ಜರ್ಮನಿಯ ಒಳನಾಡು ಜಲಸಾರಿಗೆಯ ಸರಕಿನಲ್ಲಿ ಸುಮಾರು ಶೇ. 80ರಷ್ಟು ಸಾಗುವುದು ರೈನ್ ಮೇಲೆ ಎಂಬುದನ್ನು ನೆನೆದರೆ ಈ ಪುಟ್ಟ ಊರಿನ ಹೆಸರು ಯುರೋಪಿನ ಮಾರುಕಟ್ಟೆಗಳಿಗೆ ಏಕೆ ಬಾಯಿಪಾಠವಾಗಿದೆ ಎಂದು ತಿಳಿಯುತ್ತದೆ.

ಮಾಪಕ 40 ಸೆಂ.ಮೀ. ತೋರಿಸುತ್ತಿದೆ ಎಂದರೆ ನದಿಯಲ್ಲಿ ಮೊಣಕಾಲಿನವರೆಗೆ ನೀರಿದೆ ಎಂದಲ್ಲ. ಮಾಪಕದ ಸೊನ್ನೆ ನದಿಯ ತಳವೂ ಅಲ್ಲ, ಹಡಗು ಸಾಗುವ ಓಣಿಯ ತಳವೂ ಅಲ್ಲ; ಹಿಂದೆಂದೋ ನಿಗದಿ ಮಾಡಿದ ಒಂದು ಎತ್ತರ ಅಷ್ಟೇ. ಅದೇ ಆಗಸ್ಟಿನಲ್ಲಿ ಡಚ್ ಗಡಿಯ ಹತ್ತಿರದ ಎಮ್ಮೆರಿಖ್‌ನಲ್ಲಿ ಮಾಪಕ ಸೊನ್ನೆಗಿಂತಲೂ ಮೂರು ಸೆಂಟಿಮೀಟರ್ ಕೆಳಗೆ ಹೋಯಿತು. ಆಗಲೂ ಅಲ್ಲಿ ಹಡಗುಗಳು ಓಡಾಡುತ್ತಿದ್ದವು.

ಮಾಪಕದ ಅಂಕೆಯನ್ನು ಆಳಕ್ಕೆ ಪರಿವರ್ತಿಸಲು ಬೇಕಾದದ್ದು ಒಂದು ಆಧಾರ ಮಟ್ಟ. ಹಿಮಗಡ್ಡೆ ಇಲ್ಲದ ದಿನಗಳಲ್ಲಿ ಸರಾಸರಿ ವರ್ಷಕ್ಕೆ 20 ದಿನ ಮಾತ್ರ ನದಿ ಯಾವ ಮಟ್ಟಕ್ಕಿಂತ ಕೆಳಗಿಳಿಯುತ್ತದೋ ಅದನ್ನು ಆಧಾರವಾಗಿ ಹಿಡಿಯುತ್ತಾರೆ. 2022ರಲ್ಲಿ ಜಾರಿಯಲ್ಲಿದ್ದ ಲೆಕ್ಕದ ಪ್ರಕಾರ ಕೌಬ್‌ನಲ್ಲಿ ಅದು 78 ಸೆಂ.ಮೀ. ಆ ಮಟ್ಟದಲ್ಲಿ ಹಡಗಿನ ಓಣಿಯಲ್ಲಿ 1.90 ಮೀಟರ್ ಆಳ ಇರಬೇಕು. ಅಲ್ಲಿಂದ ಮುಂದಿನದು ಕೂಡುವ ಕಳೆಯುವ ಲೆಕ್ಕ: ಮಾಪಕ 40 ಇದ್ದರೆ ಆಳ 1.52 ಮೀಟರ್, 150 ಇದ್ದರೆ 2.62 ಮೀಟರ್. ತಳ ತಾಗದಂತೆ ಹಡಗಿನ ಕೆಳಗೆ ಒಂದಿಷ್ಟು ನೀರು ಬಿಡಲೇಬೇಕು. ಕಡಿಮೆ ಆಳದಲ್ಲಿ ವೇಗವಾಗಿ ಹೋದರೆ ಹಡಗು ಇನ್ನಷ್ಟು ಕುಸಿದು ಕೂರುತ್ತದೆ, ಆದ್ದರಿಂದ ವೇಗವನ್ನೂ ತಗ್ಗಿಸಬೇಕು.

110 ಮೀಟರ್ ಉದ್ದ, 11.4 ಮೀಟರ್ ಅಗಲದ ಸಾಮಾನ್ಯ ರೈನ್ ಹಡಗನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ, ನೀರು 10 ಸೆಂ.ಮೀ. ಏರಿದಾಗ ಸುಮಾರು 110 ಟನ್ ಹೆಚ್ಚು ಹೇರಬಹುದು. ನದಿ ಸಾಕಷ್ಟು ತುಂಬಿದ್ದಾಗ ಎರಡೂವರೆ ಸಾವಿರ ಟನ್ ಹೊರುವ ಹಡಗು ಆಗಸ್ಟ್ ಮಧ್ಯದಲ್ಲಿ ಅದರ ಕಾಲು ಭಾಗದಷ್ಟನ್ನೇ ಹೊತ್ತು ಹೋಗಬೇಕಾಯಿತು. ಇಂಧನ, ಸಿಬ್ಬಂದಿ, ಸಮಯ ಎಲ್ಲವೂ ಅಷ್ಟೇ ಖರ್ಚಾಗುತ್ತದೆ, ಸರಕು ಮಾತ್ರ ಕಾಲುಪಾಲು. ಅಂದರೆ ಅದೇ ಸರಕಿಗೆ ನಾಲ್ಕು ಹಡಗು ಬೇಕು, ಮತ್ತು ಆ ನಾಲ್ಕು ಹಡಗುಗಳಿಗಾಗಿ ನದಿಯುದ್ದಕ್ಕೂ ಎಲ್ಲರೂ ಒಟ್ಟಿಗೆ ಕೈಚಾಚುತ್ತಾರೆ. ಸಾಗಣೆ ದರ ಕೆಲವೇ ವಾರಗಳಲ್ಲಿ ಹಲವು ಪಟ್ಟು ಏರಿದ್ದು ಹೀಗೆ.

40 ಸೆಂ.ಮೀ.ಗೆ ಇಷ್ಟು ಮಹತ್ವ ಬಂದಿರುವುದು ಹೆಚ್ಚಾಗಿ ಒಪ್ಪಂದಗಳಿಂದ. ನೀರು ಇಳಿದಂತೆ ದರದ ಮೇಲೆ ಹೆಚ್ಚುವರಿ ಶುಲ್ಕ ಸೇರುತ್ತಾ ಹೋಗುತ್ತದೆ. ಹಲವು ಒಪ್ಪಂದಗಳಲ್ಲಿ ಈ ಗೆರೆಯ ಕೆಳಗೆ ಸರಕು ಸಾಗಿಸಲೇಬೇಕೆಂಬ ಬಾಧ್ಯತೆ ಇಲ್ಲ. ನೆರೆ ಬಂದಾಗ ಸರ್ಕಾರ ರೈನ್ ಸಂಚಾರವನ್ನು ನಿಲ್ಲಿಸುತ್ತದೆ. ನೀರು ಇಳಿದಾಗ ಹಾಗೆ ನಿಲ್ಲಿಸುವುದಿಲ್ಲ, ಹೋಗುವುದು ಬಿಡುವುದು ಕ್ಯಾಪ್ಟನ್ನನ ನಿರ್ಧಾರ. ಆ ವಾರ ಸುದ್ದಿಗಳಲ್ಲಿ ‘ನದಿ ಬಂದ್’ ಎಂಬರ್ಥದ ಶೀರ್ಷಿಕೆಗಳು ಓಡಾಡಿದವು. ನೀರು ಕಡಿಮೆ ಎಂಬ ಕಾರಣಕ್ಕೆ ನದಿ ಒಂದು ದಿನವೂ ಬಂದ್ ಆಗಲಿಲ್ಲ. ಇಂಥ ಶೀರ್ಷಿಕೆಗಳಿಂದ ನಿಜವಾದ ಹಾನಿಯಿದೆ: ಬಂದ್ ಎಂದು ನಂಬಿದವನು ಮುಂದೆ ‘ತೆರೆಯುವ ದಿನ’ಕ್ಕೆ ಕಾಯುತ್ತಾನೆ, ಅಂಥ ದಿನ ಎಂದಿಗೂ ಬರುವುದಿಲ್ಲ. ಇರುವುದು ಸೆಂಟಿಮೀಟರ್ ಸೆಂಟಿಮೀಟರ್ ಆಗಿ ಬದಲಾಗುವ ಹೇರು ಮಾತ್ರ.

ಹಾಗಾದರೆ ಚೇತರಿಕೆ ಎಂದರೇನು? ಕಿರಿದಾದ, ಕಡಿಮೆ ಆಳ ಬೇಡುವ ಹಡಗಿಗೆ 80 ಸೆಂ.ಮೀ. ಬಂದರೆ ಬದುಕು ನಡೆಯುತ್ತದೆ. ವ್ಯಾಪಾರದ ಸುದ್ದಿಗಳು ಸಾಮಾನ್ಯವಾಗಿ ‘ತುಂಬು ಹೇರಿಗೆ’ 150 ಸೆಂ.ಮೀ. ಎನ್ನುತ್ತವೆ. ಆದರೆ ಮೂರು ಮೀಟರಿಗಿಂತ ಹೆಚ್ಚು ಆಳಕ್ಕೆ ಮುಳುಗುವ ದೊಡ್ಡ ಹಡಗಿಗೆ ಮೇಲಿನ ಲೆಕ್ಕದ ಪ್ರಕಾರ ಅದೂ ಸಾಲದು, ಮಾಪಕ ಎರಡು ಮೀಟರ್ ದಾಟಬೇಕು. ಯಾವ ಮಟ್ಟ, ಯಾವ ಮಾಪಕದಲ್ಲಿ, ಎಷ್ಟು ದಿನ ನಿಲ್ಲಬೇಕು ಎಂಬ ಮೂರನ್ನು ಹೇಳದೆ ‘ಯಾವಾಗ ಚೇತರಿಕೆ’ ಎಂದು ಕೇಳಿದರೆ ಜಲವಿಜ್ಞಾನಿ ಏನೆಂದು ಉತ್ತರ ಕೊಡಬೇಕು?

ಕೌಬ್‌ಗೆ ನೀರು ಬರುವ ದಾರಿಗಳು

ಕೌಬ್‌ನ ಮೇಲಿನ ಜಲಾನಯನ ಪ್ರದೇಶ ಸುಮಾರು 1,03,000 ಚದರ ಕಿಲೋಮೀಟರ್. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳ ನೀರಿನ ಒಂದು ಪಾಲು ಕಾನ್‌ಸ್ಟನ್ಸ್ ಸರೋವರದ ಮೂಲಕ ಬರುತ್ತದೆ, ಇನ್ನೊಂದು ಪಾಲು ಆರೆ ನದಿಯಲ್ಲಿ. ಎರಡೂ ಸೇರುವ ಕಡೆ ಆರೆ ತರುವ ಸರಾಸರಿ ನೀರು ರೈನ್‌ನದಕ್ಕಿಂತಲೂ ಹೆಚ್ಚು ಎಂಬುದು ನಕ್ಷೆ ನೋಡಿದರೆ ತಿಳಿಯದ ಸಂಗತಿ. ಬಾಸೆಲ್ ದಾಟಿದ ಮೇಲೆ ಕಪ್ಪು ಅರಣ್ಯ ಮತ್ತು ವೋಜ್ ಬೆಟ್ಟಗಳ ಹೊಳೆಗಳು, ಮ್ಯಾನ್‌ಹೈಮ್‌ನಲ್ಲಿ ನೆಕರ್, ಮೈಂಜ್‌ನಲ್ಲಿ ಮೈನ್, ಬಿಂಗೆನ್‌ನಲ್ಲಿ ನಾಹೆ ಸೇರುತ್ತವೆ. ಮೊಸೆಲ್ ಸೇರುವುದು ಕೌಬ್‌ನ ಕೆಳಗೆ, ಕೊಬ್ಲೆಂಜ್‌ನಲ್ಲಿ. ಹಾಗಾಗಿ ಲೊರೇನ್ ಪ್ರಾಂತ್ಯದಲ್ಲಿ ಎಷ್ಟು ಮಳೆ ಸುರಿದರೂ ಕಲೋನ್‌ನ ಮಾಪಕ ಏರುತ್ತದೆ, ಕೌಬ್‌ನದು ಏರುವುದಿಲ್ಲ. ‘ಪಶ್ಚಿಮ ಯುರೋಪಿನಲ್ಲಿ ಮಳೆ’ ಎಂಬ ಸುದ್ದಿ ಓದಿ ಸಮಾಧಾನಪಡುವ ಮುನ್ನ ಮಳೆ ಯಾವ ಬೆಟ್ಟದ ಯಾವ ಮಗ್ಗುಲಿಗೆ ಬಿತ್ತು ಎಂದು ನೋಡಬೇಕು.

ಬಾಸೆಲ್‌ನಿಂದ ಇಫೆಟ್ಸ್‌ಹೈಮ್‌ವರೆಗಿನ ರೈನ್‌ನಲ್ಲಿ ಹತ್ತು ತಡೆಗಟ್ಟುಗಳಿವೆ. ಅಲ್ಲಿ ಹಡಗುಗಳಿಗೆ ಬೇಕಾದ ಆಳವನ್ನು ಗೇಟುಗಳೇ ಹಿಡಿದಿಡುತ್ತವೆ. ನೆಕರ್, ಮೈನ್, ಮೊಸೆಲ್ ನದಿಗಳಲ್ಲೂ ಹಾಗೆಯೇ. ಆದರೆ ಇಫೆಟ್ಸ್‌ಹೈಮ್‌ನ ಕೆಳಗೆ ಜರ್ಮನಿಯ ಗಡಿಯವರೆಗೂ ರೈನ್ ತಡೆಯಿಲ್ಲದೆ ಹರಿಯುವ ನದಿ. ಬರಗಾಲದಲ್ಲಿ ನೀರು ಬಿಟ್ಟು ಅದನ್ನು ಏರಿಸಲು ಮೇಲ್ಭಾಗದಲ್ಲಿ ದೊಡ್ಡ ಜಲಾಶಯವೂ ಇಲ್ಲ. ಕಾನ್‌ಸ್ಟನ್ಸ್ ಸರೋವರ 536 ಚದರ ಕಿಲೋಮೀಟರ್ ವಿಸ್ತಾರದ್ದು, ನೋಡಿದರೆ ಅಂಥ ಜಲಾಶಯವೇ ಎನ್ನಿಸುತ್ತದೆ; ಆದರೆ ಅದರ ಹೊರಹರಿವಿಗೆ ಗೇಟು ಇಲ್ಲ. ಮಟ್ಟ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ನೀರು ತಾನಾಗಿ ಹೊರಗೆ ಹರಿಯುತ್ತದೆ.

ಈ ಸರೋವರದ ಸ್ವಭಾವ ಮುನ್ಸೂಚನೆಯಲ್ಲಿ ಎರಡು ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬರದ ಆರಂಭದಲ್ಲಿ ಅದು ನದಿಯನ್ನು ಕಾಪಾಡುತ್ತದೆ, ತನ್ನಲ್ಲಿರುವುದನ್ನು ನಿಧಾನವಾಗಿ ಬಿಡುತ್ತಾ ಇಳಿತವನ್ನು ತಡವಾಗಿಸುತ್ತದೆ. ಬರದ ಕೊನೆಯಲ್ಲಿ ಅದೇ ಸರೋವರ ಮೊದಲ ಮಳೆಯ ನೀರನ್ನು ತಾನೇ ಇಟ್ಟುಕೊಳ್ಳುತ್ತದೆ. ಸರೋವರದ ಮಟ್ಟ 10 ಸೆಂ.ಮೀ. ಏರಬೇಕಾದರೆ ಸುಮಾರು 5.4 ಕೋಟಿ ಘನ ಮೀಟರ್ ನೀರು ಬೇಕು. ಒಂದು ಇಡೀ ದಿನ ಸೆಕೆಂಡಿಗೆ 620 ಘನ ಮೀಟರಿನಂತೆ ಹರಿದರೆ ಆಗುವಷ್ಟು ನೀರು ಅದು. ಆಲ್ಪ್ಸ್‌ನಲ್ಲಿ ಮಳೆಯಾದ ಮರುದಿನವೇ ಕೌಬ್ ಏರಬೇಕೆಂದು ನಿರೀಕ್ಷಿಸಿದವರು ಈ ಪಾಲನ್ನು ಮರೆತಿರುತ್ತಾರೆ.

ಹಿಮದ ವಿಷಯ ಇನ್ನೊಂದು ಬಗೆಯದು. ಬಾಸೆಲ್‌ನಲ್ಲಿ ರೈನ್ ಸಾಮಾನ್ಯವಾಗಿ ತುಂಬಿ ಹರಿಯುವುದು ಜೂನ್ ಜುಲೈನಲ್ಲಿ, ಹಿಮ ಕರಗುವ ಕಾಲದಲ್ಲಿ. ಕೆಳಗಿನ ಉಪನದಿಗಳು ತುಂಬುವುದು ಚಳಿಗಾಲದ ಮಳೆಗೆ. ಒಂದು ಕಡೆ ಇಳಿದಾಗ ಇನ್ನೊಂದು ಕಡೆ ಏರುವುದರಿಂದ ರೈನ್ ವರ್ಷವಿಡೀ ಹಡಗಿಗೆ ಯೋಗ್ಯವಾಗಿ ಉಳಿದಿದೆ. 2022ರಲ್ಲಿ ಹಿಮ ಕಡಿಮೆ ಬಿದ್ದಿತ್ತು, ಇದ್ದದ್ದು ಬೇಗ ಕರಗಿತು. ಜುಲೈ ಒಣಗಿತು. ಎರಡು ಆಸರೆಗಳೂ ಒಟ್ಟಿಗೆ ಕೈಕೊಟ್ಟವು. ಆಗ ನದಿಯನ್ನು ಸ್ವಲ್ಪಮಟ್ಟಿಗೆ ಹಿಡಿದುಕೊಂಡದ್ದು ಹಿಮನದಿಗಳು. ಆ ಒಂದೇ ವರ್ಷ ಸ್ವಿಸ್ ಹಿಮನದಿಗಳು ತಮ್ಮಲ್ಲಿ ಉಳಿದಿದ್ದ ಮಂಜುಗಡ್ಡೆಯ ಸುಮಾರು ಶೇ. 6ರಷ್ಟನ್ನು ಕಳೆದುಕೊಂಡವು. ನದಿಯಲ್ಲಿ ಹರಿದ ಆ ನೀರು ಮತ್ತೆ ತುಂಬಿಕೊಳ್ಳದ ಉಳಿತಾಯದಿಂದ ತೆಗೆದದ್ದು. ಅದನ್ನು ಓದುವಾಗ ನನಗೆ ಸಂಕಟವಾಗುತ್ತದೆ.

ಇಳಿತ ಗೊತ್ತು, ಏರಿಕೆ ಗೊತ್ತಿಲ್ಲ

ಮಳೆ ನಿಂತ ಮೇಲೆ ನದಿ ಇಳಿಯುವುದಕ್ಕೆ ಒಂದು ಕ್ರಮವಿದೆ. ಅಂತರ್ಜಲ, ಸರೋವರ, ಮಣ್ಣು ಇವುಗಳಲ್ಲಿ ಉಳಿದ ನೀರು ದಿನದಿನಕ್ಕೆ ಕಡಿಮೆಯಾಗುತ್ತಾ ಬರುತ್ತದೆ. ಇಳಿತ ಮೊದಲು ಜೋರು, ಆಮೇಲೆ ನಿಧಾನ. ಮೇಲಿನ ಮಾಪಕಗಳಲ್ಲಿ ಇಂದು ಕಂಡದ್ದು ಎರಡು ಮೂರು ದಿನಗಳಲ್ಲಿ ಕೌಬ್‌ಗೆ ಬರುತ್ತದೆ. ಹೀಗಾಗಿ ಮಳೆ ಇಲ್ಲ ಎಂಬುದು ಖಚಿತವಾದರೆ ಮುಂದಿನ ವಾರದ ಮಟ್ಟವನ್ನು ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಹೇಳಬಹುದು. 2022ರ ಆಗಸ್ಟ್ ಮೊದಲ ಭಾಗದಲ್ಲಿ ಆದದ್ದು ಇದೇ: 40ರ ಗೆರೆಯನ್ನು ನದಿ ಆ ವಾರಾಂತ್ಯದ ಹೊತ್ತಿಗೆ ದಾಟುತ್ತದೆ ಎಂದು ಮೊದಲೇ ಹೇಳಿದ್ದರು, ನದಿ ಹಾಗೆಯೇ ದಾಟಿತು.

ಇಳಿತದ ಮುನ್ಸೂಚನೆ ಇಷ್ಟು ಸರಿಹೋದದ್ದೇ ಜನರಲ್ಲಿ ಒಂದು ತಪ್ಪು ಭರವಸೆ ಹುಟ್ಟಿಸಿತು ಎಂದು ನನ್ನ ಅನಿಸಿಕೆ. ಇಳಿಯುವುದನ್ನು ಇಷ್ಟು ನಿಖರವಾಗಿ ಹೇಳಿದವರು ಏರುವುದನ್ನೂ ಹೇಳಬೇಕಲ್ಲವೇ? ಏರಿಕೆಗೆ ಬೇಕಾದ ನೀರು ಇನ್ನೂ ನೆಲಕ್ಕೇ ಬಿದ್ದಿಲ್ಲ ಎಂಬುದು ತೊಡಕು.

ಎಷ್ಟು ನೀರು ಬೇಕು ಎಂದು ಒರಟಾಗಿ ಲೆಕ್ಕ ಹಾಕೋಣ. ಕೌಬ್‌ನ ಸರಾಸರಿ ಹರಿವು ಸೆಕೆಂಡಿಗೆ 1,600 ಘನ ಮೀಟರಿಗಿಂತ ತುಸು ಹೆಚ್ಚು, ಕ್ಯೂಸೆಕ್ ಲೆಕ್ಕದಲ್ಲಿ ಐವತ್ತಾರು ಸಾವಿರದ ಮೇಲೆ. ಆಗಸ್ಟ್ ಮಧ್ಯದಲ್ಲಿ ಅದು ಅರ್ಧಕ್ಕಿಂತಲೂ ಬಹಳ ಕೆಳಗಿತ್ತು. ಹರಿವನ್ನು ಸೆಕೆಂಡಿಗೆ 500 ಘನ ಮೀಟರಿನಷ್ಟು ಹೆಚ್ಚಿಸಿ ಹತ್ತು ದಿನ ಹಾಗೇ ಉಳಿಸಬೇಕು ಎಂದುಕೊಳ್ಳಿ. ಅದಕ್ಕೆ 43 ಕೋಟಿ ಘನ ಮೀಟರ್ ನೀರು ಬೇಕು. ಕೌಬ್‌ನ ಮೇಲಿನ ಇಡೀ ಜಲಾನಯನದ ಮೇಲೆ ಹರಡಿದರೆ ಅದು ಕೇವಲ 4 ಮಿಲಿಮೀಟರ್. ಕೇಳಲು ಬಹಳ ಸಣ್ಣ ಅಂಕೆ. ಆದರೆ ಅದು ಬಿದ್ದ ಮಳೆಯ ಲೆಕ್ಕವಲ್ಲ, ನದಿಗೆ ಬಂದು ಸೇರಿದ ನೀರಿನ ಲೆಕ್ಕ. ವಾರಗಟ್ಟಲೆ ಕಾದ ನೆಲ ಮೊದಲ ಮಳೆಯನ್ನು ಬಹುಪಾಲು ಕುಡಿದುಬಿಡುತ್ತದೆ. ಮರಗಿಡಗಳು ಇನ್ನೊಂದು ಪಾಲು ಎಳೆದುಕೊಳ್ಳುತ್ತವೆ. ಹತ್ತರಲ್ಲಿ ಒಂದು ಪಾಲು ಮಾತ್ರ ನದಿಗೆ ಬರುತ್ತದೆ ಎಂದು ಹಿಡಿದರೆ ಬೇಕಾದ ಮಳೆ 40 ಮಿ.ಮೀ.; ಅದೂ ಒಂದು ಕಣಿವೆಯಲ್ಲಿ ಸುರಿದು ಹೋಗುವ ಗುಡುಗು ಮಳೆಯಲ್ಲ, ಸ್ವಿಟ್ಜರ್ಲೆಂಡಿನಿಂದ ಮೈಂಜ್‌ವರೆಗೆ ಎಲ್ಲ ಕಡೆ. ನದಿಗೆ ಬರುವ ಪಾಲು ಹತ್ತರಲ್ಲಿ ಮೂರಕ್ಕೆ ಏರಿದರೆ 14 ಮಿ.ಮೀ. ಸಾಕು. ಈ ಪಾಲು ಎಷ್ಟೆಂಬುದು ಮಣ್ಣಿನ ತೇವಾಂಶಕ್ಕೆ ತಕ್ಕಂತೆ ದಿನದಿನವೂ ಬದಲಾಗುತ್ತದೆ. ಅದೇ ಮಳೆ ಆಗಸ್ಟಿನಲ್ಲಿ ಬಿದ್ದರೆ ಒಂದು ಫಲ, ಸೆಪ್ಟೆಂಬರ್ ಕೊನೆಯಲ್ಲಿ ಬಿದ್ದರೆ ಇನ್ನೊಂದು, ಏಕೆಂದರೆ ಆ ಹೊತ್ತಿಗೆ ಬಿಸಿಲು ತಗ್ಗಿರುತ್ತದೆ, ಎಲೆಗಳ ದಾಹವೂ ತಗ್ಗಿರುತ್ತದೆ.

ಕಾಲ ಸರಿದಂತೆ ಎಲ್ಲವೂ ಅನುಕೂಲಕರವಾಗುತ್ತದೆ ಎಂದೂ ಹೇಳುವಂತಿಲ್ಲ. ಆಲ್ಪ್ಸ್‌ನಿಂದ ಬರುವ ನೀರು ಶರತ್ಕಾಲದಲ್ಲಿ ಸಹಜವಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಆಗಸ್ಟಿನಲ್ಲೇ ಕನಿಷ್ಠ ಮಟ್ಟ ಕಂಡ ನದಿಗೆ, ಮಳೆ ಬಾರದಿದ್ದರೆ, ಅಕ್ಟೋಬರ್ ಇನ್ನೂ ಕೆಟ್ಟದಾಗಬಹುದು. ಆ ಬೇಸಿಗೆಯಲ್ಲಿ ಅನುಭವಸ್ಥರ ನಿದ್ದೆಗೆಡಿಸಿದ್ದು ಈ ಯೋಚನೆಯೇ. ಏಕೆಂದರೆ ನಾಲ್ಕು ವರ್ಷಗಳ ಹಿಂದೆ ಹಾಗೆಯೇ ಆಗಿತ್ತು.

2018ರ ನೆನಪು

2018ರಲ್ಲಿ ಬರ ಬೇಸಿಗೆಯಲ್ಲಿ ಶುರುವಾಗಿ ಬಿಡದೆ ಬೆಳೆಯಿತು. ಅಕ್ಟೋಬರ್ 22ರಂದು ಕೌಬ್‌ನ ಮಾಪಕ 25 ಸೆಂ.ಮೀ.ಗೆ ಇಳಿದು ಹೊಸ ದಾಖಲೆ ಬರೆಯಿತು. ಹಿಂದಿನ ಕನಿಷ್ಠ 2003ರ 35 ಸೆಂ.ಮೀ. ಅಲ್ಲಲ್ಲಿ ಸಣ್ಣ ಮಳೆ ಬಂದು ಮಟ್ಟ ಒಂದಿಷ್ಟು ಎದ್ದು ಮತ್ತೆ ಕುಸಿಯಿತು. ಡಿಸೆಂಬರಿನ ಮೊದಲ ದಿನಗಳ ಮಳೆಯವರೆಗೂ ನಿಜವಾದ ಬಿಡುಗಡೆ ಸಿಗಲಿಲ್ಲ. ದೇಶದ ನೈರುತ್ಯ ಭಾಗಕ್ಕೆ ಇಂಧನ ತಲುಪದೆ ಜರ್ಮನಿ ಸರ್ಕಾರ ತನ್ನ ತುರ್ತು ತೈಲ ಸಂಗ್ರಹದಿಂದ ಬಿಡುಗಡೆ ಮಾಡಬೇಕಾಯಿತು. ಲುಡ್ವಿಗ್ಸ್‌ಹಾಫೆನ್‌ನ ರಾಸಾಯನಿಕ ಕಂಪನಿ ಬಿಎಎಸ್‌ಎಫ್ ತನಗಾದ ನಷ್ಟವನ್ನು ಸುಮಾರು 25 ಕೋಟಿ ಯೂರೋ ಎಂದು ಲೆಕ್ಕ ಹಾಕಿತು. ಕೌಬ್‌ನ ನೀರು 78 ಸೆಂ.ಮೀ.ಗಿಂತ ಕೆಳಗೆ ಒಂದು ಇಡೀ ತಿಂಗಳು ಉಳಿದರೆ ಜರ್ಮನಿಯ ಕೈಗಾರಿಕಾ ಉತ್ಪಾದನೆ ಸುಮಾರು ಶೇ. 1ರಷ್ಟು ತಗ್ಗುತ್ತದೆ ಎಂದು ಕೀಲ್‌ನ ಅರ್ಥಶಾಸ್ತ್ರ ಸಂಸ್ಥೆಯ ಅಧ್ಯಯನ ತೋರಿಸಿತು.

ಆ ಪೆಟ್ಟಿನ ನಂತರ, 2019ರಲ್ಲಿ ಸರ್ಕಾರ ಮತ್ತು ಉದ್ಯಮಗಳು ಸೇರಿ ರೈನ್‌ಗಾಗಿ ಒಂದು ಕ್ರಿಯಾಯೋಜನೆಗೆ ಸಹಿ ಹಾಕಿದವು. ಅದರ ಮೊದಲ ಬೇಡಿಕೆಗಳಲ್ಲಿ ಒಂದು ಹೆಚ್ಚು ದೂರ ನೋಡುವ ಮುನ್ಸೂಚನೆ.

ಮುನ್ಸೂಚನೆಯ ಮೂರು ದೂರಗಳು

ಕೊಬ್ಲೆಂಜ್‌ನಲ್ಲಿರುವ ಜರ್ಮನಿಯ ಒಕ್ಕೂಟ ಜಲವಿಜ್ಞಾನ ಸಂಸ್ಥೆ ಈಗ ಮೂರು ಬಗೆಯ ಮುನ್ಸೂಚನೆ ಕೊಡುತ್ತದೆ. ನಾಲ್ಕು ದಿನಗಳದ್ದು ಒಂದೇ ಅಂಕೆಯಾಗಿ ಬರುತ್ತದೆ: ನಾಳೆ ಇಷ್ಟು, ನಾಡಿದ್ದು ಇಷ್ಟು. ಆ ನೀರಿನಲ್ಲಿ ಹೆಚ್ಚಿನ ಪಾಲು ಈಗಾಗಲೇ ನದಿಯಲ್ಲೇ ಇರುವುದರಿಂದ ಇದು ಸಾಧ್ಯ. ರಾಟರ್‌ಡ್ಯಾಂನಲ್ಲಿ ಹೇರು ತುಂಬುವ ಹೊತ್ತಿಗೆ ಕ್ಯಾಪ್ಟನ್ ನೋಡುವುದು ಇದನ್ನೇ, ಏಕೆಂದರೆ ಅವನು ಕೌಬ್ ಮುಟ್ಟುವುದು ಅಂದಲ್ಲ, ಕೆಲವು ದಿನಗಳ ಮೇಲೆ.

ಹದಿನಾಲ್ಕು ದಿನಗಳ ಮುನ್ಸೂಚನೆಯಲ್ಲಿ ಒಂದು ಅಂಕೆ ಇರುವುದಿಲ್ಲ, ಕೆಳ ಅಂಚು ಮೇಲಂಚುಗಳ ನಡುವಿನ ಅಗಲವಾದ ಒಂದು ಪಟ್ಟಿ ಇರುತ್ತದೆ. ಯುರೋಪಿನ ಹವಾಮಾನ ಕೇಂದ್ರ ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ವಾತಾವರಣವನ್ನು 51 ಬಾರಿ ಗಣಿಸುತ್ತದೆ. ಅಂಥ ಮಳೆಯ ಸಾಧ್ಯತೆಗಳನ್ನು ಒಂದೊಂದಾಗಿ ನದಿಯ ಮಾದರಿಗೆ ಊಡಿದರೆ ಅಷ್ಟೇ ಸಂಖ್ಯೆಯ ನೀರಿನ ಮಟ್ಟಗಳು ಸಿಗುತ್ತವೆ. ಮೊದಲ ನಾಲ್ಕೈದು ದಿನ ಆ ಗೆರೆಗಳೆಲ್ಲ ಒಂದರ ಮೇಲೊಂದು ಕೂರುತ್ತವೆ, ಆಮೇಲೆ ಹರಡುತ್ತವೆ. ಬರಗಾಲದಲ್ಲಿ ಹರಡುವ ರೀತಿ ಗಮನಿಸಬೇಕಾದದ್ದು: ಕೆಳ ಅಂಚು ಬಿಗಿಯಾಗಿಯೇ ಉಳಿಯುತ್ತದೆ, ಮೇಲಂಚು ಮಾತ್ರ ಬಾಯಿ ತೆರೆಯುತ್ತದೆ. ಮಳೆ ಬಾರದಿದ್ದರೆ ಎಷ್ಟು ಇಳಿಯಬಹುದು ಎಂಬುದಕ್ಕೆ ಮಿತಿ ಇದೆ, ಬಂದರೆ ಎಷ್ಟು ಏರಬಹುದು ಎಂಬುದಕ್ಕೆ ಅಂಥ ಬಿಗಿ ಮಿತಿ ಇಲ್ಲ. ಇಂಥ ಚಿತ್ರದಲ್ಲಿ ನಡುವಿನ ಗೆರೆಯನ್ನೇ ‘ಮುನ್ಸೂಚನೆ’ ಎಂದು ಎತ್ತಿ ಹೇಳಿದರೆ ಇರುವ ಮಾಹಿತಿಯಲ್ಲಿ ಅರ್ಧವನ್ನು ಎಸೆದಂತೆ.

ಆರು ವಾರಗಳ ಮುನ್ಸೂಚನೆ ಸಾರ್ವಜನಿಕರ ಕೈಗೆ ಬಂದದ್ದು 2022ರ ಬೇಸಿಗೆಯಲ್ಲೇ, ಬರ ಬಿಗಿಯಾಗುತ್ತಿದ್ದ ಹೊತ್ತಿಗೆ. ಅದು ದಿನದ ಮಟ್ಟವನ್ನು ಹೇಳುವುದೇ ಇಲ್ಲ, ವಾರದ ಸರಾಸರಿಯ ಸಂಭವನೀಯತೆಯನ್ನು ಹೇಳುತ್ತದೆ. ಅಷ್ಟು ದೂರದ ಮಳೆಯನ್ನು ಯಾರೂ ನಂಬುವಂತೆ ಹೇಳಲಾರರು. ಆದರೂ ಆ ಮುನ್ಸೂಚನೆಗೆ ಬೆಲೆಯಿದೆ, ಏಕೆಂದರೆ ನೆಲದ ನೆನಪು ಆಕಾಶದ ನೆನಪಿಗಿಂತ ದೀರ್ಘ. ಸರೋವರದ ಮಟ್ಟ, ಪರ್ವತದಲ್ಲಿ ಉಳಿದ ಹಿಮ, ಅಂತರ್ಜಲ, ಮಣ್ಣಿನ ತೇವ ಇವೆಲ್ಲ ಮುಂದಿನ ಹಲವು ವಾರಗಳ ನದಿಯನ್ನು ಒಂದು ಕಡೆಗೆ ಬಾಗಿಸಿಟ್ಟಿರುತ್ತವೆ. ಸರೋವರ ಬತ್ತಿದ ವರ್ಷದಲ್ಲಿ ಸಾಧಾರಣ ಮಳೆ ಬಂದರೂ ನದಿ ಸಾಧಾರಣ ಮಟ್ಟಕ್ಕೆ ಬರುವುದಿಲ್ಲ. ಅಷ್ಟನ್ನು ಆರು ವಾರ ಮೊದಲು ಹೇಳುವುದೂ ದೊಡ್ಡ ಮಾತೇ.

ಒಬ್ಬ ವ್ಯವಸ್ಥಾಪಕನ ಲೆಕ್ಕ

ಇದನ್ನೆಲ್ಲ ಬಳಸುವುದು ಹೇಗೆ? ಕೌಬ್‌ನ ಮೇಲ್ಭಾಗದ ಒಂದು ಸ್ಥಾವರವನ್ನು ಕಲ್ಪಿಸಿಕೊಳ್ಳೋಣ. ಅದಕ್ಕೆ ವಾರಕ್ಕೆ 7,000 ಟನ್ ಕಲ್ಲಿದ್ದಲು ಬೇಕು. ಮಾಪಕ 210 ಇದ್ದಾಗ ಒಂದು ಹಡಗು ಸುಮಾರು 2,400 ಟನ್ ತಂದರೆ ವಾರಕ್ಕೆ ಮೂರು ಹಡಗು ಸಾಕು. 40 ಇದ್ದಾಗ ಹಡಗಿಗೆ 600 ಟನ್ ಎಂದರೆ ಹನ್ನೆರಡು ಹಡಗು. ನೀರು 80ಕ್ಕೆ ಏರಿದರೆ ಸುಮಾರು 1,040 ಟನ್, ಅಂದರೆ ಏಳು ಹಡಗು. 150ಕ್ಕೆ ಏರಿದರೆ 1,800 ಟನ್, ನಾಲ್ಕು ಹಡಗು. ಸ್ಥಾವರದ ವ್ಯವಸ್ಥಾಪಕನಿಗೆ ಸಿಗುವುದು ಏಳೇ ಹಡಗು ಎಂದಾದರೆ ಅವನ ಪಾಲಿಗೆ ಚೇತರಿಕೆಯ ಮಟ್ಟ 80. ಪಕ್ಕದ ಕಾರ್ಖಾನೆಗೆ ನಾಲ್ಕೇ ಹಡಗು ಸಿಗುವುದಾದರೆ ಅದರದ್ದು 150. ಒಂದೇ ನದಿ, ಒಂದೇ ವಾರ, ಎರಡು ಬೇರೆ ಉತ್ತರ.

ಆಗಸ್ಟ್ 12ರಂದು ಅವನ ಅಂಗಳದಲ್ಲಿ 25 ದಿನಗಳ ದಾಸ್ತಾನು ಇದೆ ಎನ್ನೋಣ. ಅದು ಮುಗಿಯುವುದು ಸೆಪ್ಟೆಂಬರ್ 6ಕ್ಕೆ. ರೈಲು ವ್ಯಾಗನ್‌ಗಳನ್ನು ಎರಡು ವಾರ ಮೊದಲು ಕಾಯ್ದಿರಿಸಬೇಕು. ಹಾಗಾಗಿ ನಿರ್ಧಾರದ ದಿನ ಆಗಸ್ಟ್ 23. ಇಲ್ಲಿಗೆ ‘ನೀರು ಯಾವಾಗ ಏರುತ್ತದೆ’ ಎಂಬ ಪ್ರಶ್ನೆ ಕರಗಿ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಸೆಪ್ಟೆಂಬರ್ ಮೊದಲ ವಾರದ ಸರಾಸರಿ ಮಟ್ಟ 80ಕ್ಕಿಂತ ಕೆಳಗಿರುವ ಸಂಭವ ಎಷ್ಟು? ಇದಕ್ಕೆ ಆರು ವಾರಗಳ ಮುನ್ಸೂಚನೆಯಲ್ಲಿ ನೇರ ಉತ್ತರವಿದೆ. ವ್ಯಾಗನ್ ಹಿಡಿಯುವ ಹೆಚ್ಚುವರಿ ಖರ್ಚು, ಸ್ಥಾವರ ನಿಂತರೆ ಆಗುವ ನಷ್ಟದ ಕಾಲು ಭಾಗ ಎಂದಾದರೆ, ನೀರು ಕಡಿಮೆ ಇರುವ ಸಂಭವ ಶೇ. 25 ದಾಟಿದ ಕೂಡಲೇ ವ್ಯಾಗನ್ ಹಿಡಿಯುವುದು ಲಾಭ. ಚೇತರಿಕೆಯ ಸಂಭವ ಶೇ. 60 ಇದೆ ಎಂದು ಕಂಡರೂ ಅವನು ವ್ಯಾಗನ್ ಹಿಡಿಯಲೇಬೇಕು, ಏಕೆಂದರೆ ಉಳಿದ ಶೇ. 40 ಅವನ ಶೇ. 25ರ ಗೆರೆಗಿಂತ ಮೇಲಿದೆ. ಮುನ್ಸೂಚನೆ ಆಶಾದಾಯಕವಾಗಿದ್ದಾಗಲೂ ಅದಕ್ಕೆ ವಿರುದ್ಧವೆಂಬಂತೆ ಕಾಣುವ ಹೆಜ್ಜೆ ಇಡುವ ಈ ಶಿಸ್ತು ಸುಲಭವಲ್ಲ. ನಿರ್ದೇಶಕ ಮಂಡಳಿಯ ಮುಂದೆ ಇದನ್ನು ವಿವರಿಸುವುದು ಇನ್ನೂ ಕಷ್ಟ.

ನಿಜವಾದ 2022ರಲ್ಲಿ ಆಗಸ್ಟ್ 23ರ ವಾತಾವರಣ ಹೇಗಿತ್ತು? ಆಗಸ್ಟ್ ಮಧ್ಯದಲ್ಲಿ ಮಾಪಕ 30 ಸೆಂ.ಮೀ.ಯ ಆಸುಪಾಸಿಗೆ ಇಳಿದು, ಆ ವಾರದ ಕೊನೆಯ ಮಳೆಯಿಂದ ಮೇಲೇಳತೊಡಗಿತ್ತು. ಎಲ್ಲರೂ ನಿಟ್ಟುಸಿರು ಬಿಟ್ಟ ದಿನಗಳು ಅವು. ವ್ಯಾಗನ್ ಬೇಡ ಎಂದು ಹೇಳಲು ಅದಕ್ಕಿಂತ ಹೆಚ್ಚು ಮನಸ್ಸು ಬರುವ ದಿನ ಬೇರೆ ಇಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಅಪಾಯದ ದಿನವೂ ಇಲ್ಲ. ಆ ಏರಿಕೆಗೆ ಬುನಾದಿ ಇರಲಿಲ್ಲ. ಸರೋವರ ತುಂಬಿರಲಿಲ್ಲ, ನೆಲ ನೆನೆದಿರಲಿಲ್ಲ. ಮುಂದಿನ ವಾರಗಳಲ್ಲಿ ಹಡಗುಗಳು ಅರೆಹೇರಿನಲ್ಲೇ ಓಡಾಡಿದವು. ವಿದ್ಯುತ್ ಕಂಪನಿ ಯುನಿಪರ್ ತನ್ನ ಸ್ಟೌಡಿಂಗರ್ ಕಲ್ಲಿದ್ದಲು ಸ್ಥಾವರದ ಒಂದು ಘಟಕ ಸೆಪ್ಟೆಂಬರ್ ಆರಂಭದವರೆಗೂ ಪೂರ್ಣವಾಗಿ ಓಡದಿರಬಹುದು ಎಂದು ಮೊದಲೇ ತಿಳಿಸಿತ್ತು. ಆಗಸ್ಟ್ ಕೊನೆಯಲ್ಲಿ ಜರ್ಮನಿಯ ಸಂಪುಟ ಕಲ್ಲಿದ್ದಲು ಮತ್ತು ತೈಲದ ರೈಲುಗಳಿಗೆ ಹಳಿಯ ಮೇಲೆ ಆದ್ಯತೆ ನೀಡಿತು. ಅಷ್ಟು ಹೊತ್ತಿಗೆ ಮೊದಲೇ ಕಾಯ್ದಿರಿಸದವರಿಗೆ ವ್ಯಾಗನ್ ಸಿಗುವುದೇ ದುಸ್ತರವಾಗಿತ್ತು. ಸೆಪ್ಟೆಂಬರ್ ಮಧ್ಯದ ವ್ಯಾಪಕ ಮಳೆಯ ನಂತರವೇ ಕೌಬ್‌ನಲ್ಲಿ ನೀರು ನಿಜವಾಗಿ ಚೇತರಿಸಿತು. 2018ಕ್ಕೆ ಹೋಲಿಸಿದರೆ ಎರಡೂವರೆ ತಿಂಗಳು ಬೇಗ. ಆಗಸ್ಟಿನಲ್ಲಿ ಎರಡೂ ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ 2022 ಹೆಚ್ಚು ಭೀಕರವಾಗಿ ಕಂಡಿತ್ತು, ಏಕೆಂದರೆ ಆ ತಿಂಗಳ ಮಟ್ಟ ಹಿಂದಿನದಕ್ಕಿಂತ ಕೆಳಗಿತ್ತು. ಬರ ಎಷ್ಟು ಆಳ ಎಂಬುದು ಅದು ಎಷ್ಟು ದೀರ್ಘ ಎಂಬುದನ್ನು ಹೇಳಲಿಲ್ಲ.

ನೀರು ಬಂದ ಕೂಡಲೇ ಸರಕು ಬರಲಿಲ್ಲ ಎಂಬುದನ್ನೂ ಸೇರಿಸಬೇಕು. ವಾರಗಟ್ಟಲೆ ಬಂದರುಗಳಲ್ಲಿ ರಾಶಿ ಬಿದ್ದದ್ದು ಕರಗಬೇಕು, ಖಾಲಿಯಾದ ಅಂಗಳಗಳು ತುಂಬಬೇಕು. ಮಾಪಕವನ್ನೇ ನೋಡುತ್ತಾ ಕೂತವರಿಗೆ ಈ ಎರಡನೆಯ ವಿಳಂಬ ಕಾಣುವುದಿಲ್ಲ.

ಹಳೆಯ ದಾಖಲೆಗಳನ್ನು ಎಷ್ಟು ನಂಬಬಹುದು

ಹಿಂದಿನ ಬರಗಳು ಎಷ್ಟು ದಿನ ನಡೆದವು ಎಂದು ನೋಡಿ ಮುಂದಿನದನ್ನು ಅಂದಾಜಿಸುವುದು ಸಹಜ. ಅದಕ್ಕೆ ಎರಡು ಅಡ್ಡಿಗಳಿವೆ. ಮೊದಲನೆಯದು ನದಿಯ ತಳ. ಕೌಬ್‌ನ ಬಂಡೆ ಹೆಚ್ಚು ಬದಲಾಗುವುದಿಲ್ಲ, ಆದರೆ ಕೆಳಭಾಗದ ರೈನ್ ತನ್ನ ತಳವನ್ನು ಕೊರೆಯುತ್ತಾ ಸಾಗಿದೆ. ಅದೇ ಹರಿವಿಗೆ ಈಗ ಮಟ್ಟ ಮೊದಲಿಗಿಂತ ಕೆಳಗಿರುತ್ತದೆ. 2022ರ ಆಗಸ್ಟಿನಲ್ಲಿ ಡಚ್ ಗಡಿಯ ಲೋಬಿತ್‌ನಲ್ಲಿ ನೀರಿನ ಮಟ್ಟ 2018ರ ದಾಖಲೆಗಿಂತಲೂ ಕೆಳಗಿಳಿದು ಹೊಸ ಕನಿಷ್ಠ ಕಂಡಿತು. ಹರಿವಿನ ಲೆಕ್ಕದಲ್ಲಿ ಮಾತ್ರ ಅದು ದಾಖಲೆಯಾಗಿರಲಿಲ್ಲ, ಹಿಂದಿನ ಶತಮಾನದಲ್ಲಿ ಅದಕ್ಕಿಂತ ಕಡಿಮೆ ನೀರು ಹರಿದದ್ದುಂಟು. ಮಟ್ಟಗಳನ್ನು ಮಟ್ಟಗಳೊಂದಿಗೆ ಹೋಲಿಸಿದವರಿಗೆ ಬರ ವಾಸ್ತವಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಮೊದಲು ಹರಿವನ್ನು ಊಹಿಸಿ, ಆಮೇಲೆ ಇಂದಿನ ತಳಕ್ಕೆ ತಕ್ಕಂತೆ ಮಟ್ಟಕ್ಕೆ ಪರಿವರ್ತಿಸಬೇಕು. ಎರಡನೆಯದು ಹಿಮನದಿಗಳು. 2003ರಲ್ಲಿ, 2018ರಲ್ಲಿ, 2022ರಲ್ಲಿ ಕಡು ಬೇಸಿಗೆಗೆ ಅವು ಕೊಟ್ಟ ಆಸರೆ ಮುಂದಿನ ಬರಗಳಿಗೆ ಅಷ್ಟೇ ಸಿಗುವುದಿಲ್ಲ. ಅದೇ ಮಳೆ, ಅದೇ ಬಿಸಿಲು ಇದ್ದರೂ ಇಪ್ಪತ್ತು ವರ್ಷಗಳ ನಂತರದ ಆಗಸ್ಟ್ ಬೇರೆಯದೇ ಆಗಿರುತ್ತದೆ.

ಬಿಎಎಸ್‌ಎಫ್ 2018ರ ನಂತರ ಜಲವಿಜ್ಞಾನ ಸಂಸ್ಥೆಯ ಜೊತೆ ಸೇರಿ ಆರು ವಾರಗಳ ಮುನ್ನೆಚ್ಚರಿಕೆಗೆ ಹಣ ಮತ್ತು ಶ್ರಮ ಹಾಕಿತು. ಜೊತೆಗೇ ಕಡಿಮೆ ನೀರಿಗೆಂದೇ ಒಂದು ಹಡಗು ಕಟ್ಟಿಸಿತು. 135 ಮೀಟರ್ ಉದ್ದ, 17.5 ಮೀಟರ್ ಅಗಲದ ಆ ‘ಸ್ಟೋಲ್ಟ್ ಲುಡ್ವಿಗ್ಸ್‌ಹಾಫೆನ್’ 2023ರಲ್ಲಿ ನೀರಿಗಿಳಿಯಿತು. ಕೌಬ್‌ನ ಮಾಪಕ 30 ತೋರಿಸುವಾಗಲೂ 650 ಟನ್ ಹೊತ್ತು ದಾಟಬಲ್ಲದು ಎಂಬುದು ಅದರ ವಿನ್ಯಾಸದ ಲೆಕ್ಕ. ಅಂಥ ಹಡಗು ಕೈಯಲ್ಲಿರುವವನು ಮುನ್ಸೂಚನೆಗೆ ಕೇಳುವ ಗೆರೆ 80ರಿಂದ 30ಕ್ಕೆ ಇಳಿಯುತ್ತದೆ. 25ಕ್ಕೆ ಇಳಿದ 2018ರ ಅಕ್ಟೋಬರಿನ ಆ ಕೆಲವು ದಿನಗಳನ್ನು ಬಿಟ್ಟರೆ, ದಾಖಲೆಯಲ್ಲಿರುವ ಬಹುತೇಕ ಎಲ್ಲ ದಿನಗಳಲ್ಲೂ ಅವನು ನದಿ ಏರುವುದನ್ನು ಕಾಯಬೇಕಿರಲಿಲ್ಲ.